ಐರ್ಲೆಂಡಿನ ಕೊಲಂಬ ಯತಿ ಮತ್ತು ಗ್ರಂಥಲೇಖನ

ಒಂದು ಗ್ರಂಥಕ್ಕೆ ನಿಜವಾದ ಒಡೆಯನು ಯಾರು? ಅದನ್ನು ದೂರದೇಶದಿಂದ ಶ್ರಮಪಟ್ಟು ತಂದು ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತಿರುವವನೇ? ಅಥವಾ ಅದನ್ನು ಓದಿ ಮೆಚ್ಚಿ, ರಾತ್ರಿಯೆಲ್ಲ ಕುಳಿತು, ತನ್ನ ಕೈಯಿಂದಲೇ ಪ್ರತಿಮಾಡಿಕೊಂಡವನಿಗೂ ಅದರಲ್ಲಿ ಹಕ್ಕುಂಟೇ? ಇಂಥ ವ್ಯಾಜ್ಯಗಳು ಈ ಕಾಲದ ನ್ಯಾಯಸ್ಥಾನಗಳಿಗೆ ಹೊಸವಲ್ಲ. ಆದರೆ ಹದಿನಾಲ್ಕು ಶತಮಾನಗಳಿಗೂ ಹಿಂದೆ, ಐರೋಪ್ಯ ಖಂಡದ ಪಡುವಣ ತುದಿಯಲ್ಲಿರುವ ಐರ್ಲೆಂಡ್ ದ್ವೀಪದಲ್ಲಿ ಈ ಪ್ರಶ್ನೆಯು ರಾಜನ ಮುಂದೆ ವಿಚಾರಣೆಗೆ ಬಂದಿತೆಂದೂ, ಅವನ ತೀರ್ಪಿನಿಂದ ಅಸಮಾಧಾನವು ಬೆಳೆದು ಘೋರವಾದ ಯುದ್ಧವೇ ನಡೆಯಿತೆಂದೂ ಆ ದೇಶದ ಜನರು ಬಹುಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಈ ಕಥೆಯ ನಾಯಕನು ಕೊಲಂಬನೆಂಬ ಕ್ರೈಸ್ತ ಸಂನ್ಯಾಸಿ. ಕಥೆಯಲ್ಲಿ ಐತಿಹ್ಯವೆಷ್ಟು, ಇತಿಹಾಸವೆಷ್ಟು ಎಂಬುದನ್ನೂ, ಪುಸ್ತಕಗಳನ್ನು ಪ್ರತಿಮಾಡುವ ಕೆಲಸವನ್ನು ಈತನೂ ಈತನ ಶಿಷ್ಯರೂ ಒಂದು ತಪಸ್ಸನ್ನಾಗಿ ಭಾವಿಸಿದುದು ಹೇಗೆ ಎಂಬುದನ್ನೂ ಈ ಹೊತ್ತು ನಾವು ವಿಚಾರಮಾಡೋಣ.

ಮೊದಲು ದೇಶದ ಸ್ಥಿತಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಐರ್ಲೆಂಡು ಎಂದೂ ರೋಮನ್ ಚಕ್ರಾಧಿಪತ್ಯಕ್ಕೆ ಒಳಪಟ್ಟ ನಾಡಲ್ಲ. ಅಲ್ಲಿ ಪಟ್ಟಣಗಳಿರಲಿಲ್ಲ, ನಾಣ್ಯಗಳು ಬಳಕೆಯಲ್ಲಿರಲಿಲ್ಲ, ದನಕರುಗಳೇ ಐಶ್ವರ್ಯ. ನ್ಯಾಯಶಾಸ್ತ್ರ, ರಾಜವಂಶಾವಳಿ, ಕಾವ್ಯ ಇವೆಲ್ಲವನ್ನೂ ವಿದ್ವಾಂಸರು ಕಂಠಸ್ಥವಾಗಿಯೇ ಕಾಪಾಡಿಕೊಂಡು ಬರುತ್ತಿದ್ದರು. ಬರಹವೆಂಬುದು ಬಹುಮಟ್ಟಿಗೆ ಕಲ್ಲಿನ ಅಂಚುಗಳ ಮೇಲೆ ಕೊರೆಯುತ್ತಿದ್ದ ಓಗಮ್ ಎಂಬ ಗೀಟುಗಳ ಲಿಪಿಯಷ್ಟೆ. ಅದರಲ್ಲಿ ಹೆಸರುಗಳನ್ನು ಕೆತ್ತಬಹುದಾಗಿತ್ತೇ ಹೊರತು ಗ್ರಂಥಗಳನ್ನು ಬರೆಯುವುದು ಸಾಧ್ಯವಿರಲಿಲ್ಲ. ಕ್ರಿ. ಶ. ಐದನೆಯ ಶತಮಾನದಲ್ಲಿ ಕ್ರೈಸ್ತಮತವು ಈ ದ್ವೀಪಕ್ಕೆ ಬಂದಾಗ ಅದರೊಡನೆಯೇ ಲ್ಯಾಟಿನ್ ಭಾಷೆಯೂ ಪುಸ್ತಕವೂ ಬಂದುವು. ಆದುದರಿಂದ ಆ ಜನಕ್ಕೆ ಪುಸ್ತಕವೆಂಬುದು ದಿನಬಳಕೆಯ ಪದಾರ್ಥವಾಗಿರಲಿಲ್ಲ. ಅದು ಹೊಸದಾಗಿ ದೊರೆತ ಪವಿತ್ರವಸ್ತುವಾಗಿತ್ತು. ನಗರಗಳಿಲ್ಲದ ಆ ನಾಡಿನಲ್ಲಿ ಮಠಗಳೇ ವಿದ್ಯಾಕೇಂದ್ರಗಳಾದುವು. ಮಠವೆಂದರೆ ಭವ್ಯವಾದ ಕಟ್ಟಡವೆಂದು ನಾವು ಭಾವಿಸಬಾರದು. ಸುತ್ತಲೂ ಒಂದು ಮಣ್ಣಿನ ದಿಬ್ಬ, ಒಳಗೆ ಮರದಿಂದಾದ ಚಿಕ್ಕ ದೇವಾಲಯ, ಅದರ ಸುತ್ತ ಸಂನ್ಯಾಸಿಗಳ ಗುಡಿಸಲುಗಳು, ಇಷ್ಟೆ.

ಕೊಲಂಬನು ಸುಮಾರು ೫೨೧ರಲ್ಲಿ ಐರ್ಲೆಂಡಿನ ವಾಯವ್ಯ ಭಾಗದಲ್ಲಿರುವ ಡೊನೆಗಾಲ್ ಸೀಮೆಯಲ್ಲಿ ಹುಟ್ಟಿದನು. ಅವನದು ಊಈ ನೀಲ್ ಎಂಬ ಪ್ರಬಲವಾದ ರಾಜವಂಶ. ಮನಸ್ಸುಮಾಡಿದ್ದರೆ ಅವನೂ ರಾಜ್ಯಕ್ಕಾಗಿ ಹೋರಾಡಬಹುದಾಗಿತ್ತು. ಹಾಗೆ ಮಾಡದೆ ಅವನು ವಿರಕ್ತನಾದನು. ಲ್ಯಾಟಿನ್ ಭಾಷೆಯಲ್ಲಿ ಕೊಲಂಬ ಎಂದರೆ ಪಾರಿವಾಳ. ಸ್ವದೇಶದ ಜನರು ಅವನನ್ನು ‘ಕೊಲಂ ಕಿಲ್’, ಎಂದರೆ ದೇವಾಲಯದ ಪಾರಿವಾಳ, ಎಂದು ಕರೆದರು. ಹೆಸರು ಪಾರಿವಾಳವಾದರೂ ಅವನ ಸ್ವಭಾವದಲ್ಲಿ ಕ್ಷತ್ರಿಯತೇಜಸ್ಸು ಪೂರ್ತಿಯಾಗಿ ಅಡಗಿರಲಿಲ್ಲವೆಂಬುದನ್ನು ಮುಂದಿನ ಕಥೆಯು ಸೂಚಿಸುತ್ತದೆ.

ಕಥೆ ಹೀಗಿದೆ. ಕೊಲಂಬನ ಗುರುಗಳಲ್ಲೊಬ್ಬನಾದ ಫಿನ್ನಿಯನ್ ಎಂಬುವನ ಬಳಿ ಒಂದು ಅಪೂರ್ವವಾದ ಕೀರ್ತನೆಗಳ ಪುಸ್ತಕವಿತ್ತು. ಕೊಲಂಬನು ಅದನ್ನು ಓದುವುದಕ್ಕೆ ಕೇಳಿ ಪಡೆದನು. ಹಗಲಿನಲ್ಲಿ ಓದಿ, ಎಲ್ಲರೂ ದೇವಾಲಯದಿಂದ ಹೊರಟುಹೋದಮೇಲೆ ಅಲ್ಲಿಯೇ ಉಳಿದು, ಗುರುವಿಗೆ ತಿಳಿಯದಂತೆ ಅದರ ಪ್ರತಿಯನ್ನು ಬರೆಯತೊಡಗಿದನು. ಅವನಿಗೆ ದೀಪವೂ ಬೇಕಾಗಿರಲಿಲ್ಲವಂತೆ. ಒಂದು ಕೈ ಬರೆಯುತ್ತಿರಲು ಇನ್ನೊಂದು ಕೈಯ ಬೆರಳುಗಳೇ ಐದು ದೀಪಗಳಂತೆ ಬೆಳಗುತ್ತಿದ್ದುವಂತೆ. ಫಿನ್ನಿಯನನ ಕಡೆಯವನೊಬ್ಬನು ಬಾಗಿಲಿನ ಸಂದಿಯಿಂದ ಇಣುಕಿ ನೋಡಿ ಗುಟ್ಟನ್ನು ಹೊರಗೆಡವಿದನು. ಮೂಲಗ್ರಂಥವು ತನ್ನದಾದ್ದರಿಂದ ಪ್ರತಿಯೂ ತನಗೇ ಸೇರತಕ್ಕದ್ದೆಂದು ಫಿನ್ನಿಯನ್ ವಾದಿಸಿದನು. ತಾನು ಬರೆದುಕೊಂಡುದರಿಂದ ಮೂಲಗ್ರಂಥದ ಒಂದು ಅಕ್ಷರವೂ ಸವೆದುಹೋಗಲಿಲ್ಲವೆಂದೂ, ದೇವರ ಮಾತನ್ನು ಒಬ್ಬನೇ ಮುಚ್ಚಿಟ್ಟುಕೊಳ್ಳುವುದು ಧರ್ಮವಲ್ಲವೆಂದೂ ಕೊಲಂಬನು ಉತ್ತರಕೊಟ್ಟನು. ವ್ಯಾಜ್ಯವು ತಾರಾ ಎಂಬ ರಾಜಧಾನಿಯಲ್ಲಿದ್ದ ಡೈರ್ಮಿಡ್ ರಾಜನ ಮುಂದೆ ಬಂದಿತು. ಕರುವು ಹೇಗೆ ಹಸುವಿಗೆ ಸೇರಿದುದೋ ಹಾಗೆಯೇ ಪ್ರತಿಯು ಮೂಲಪುಸ್ತಕಕ್ಕೆ ಸೇರಿದುದೆಂದು ರಾಜನು ತೀರ್ಪು ಹೇಳಿದನು. ದನಗಳೇ ಸಂಪತ್ತಾಗಿದ್ದ ನಾಡಿಗೆ ತಕ್ಕ ತೀರ್ಪೇ ಸರಿ. ಅದರಲ್ಲಿ ಒಂದು ಗೂಢಾರ್ಥವೂ ಉಂಟು, ಏಕೆಂದರೆ ಪುಸ್ತಕದ ಹಾಳೆಗಳಾದರೂ ಕರುವಿನ ತೊಗಲುಗಳೇ! ಕೊಲಂಬನಿಗೆ ಕೋಪ ಬಂದಿತು. ಅವನ ಬಂಧುಗಳು ಆಯುಧಗಳನ್ನು ಹಿಡಿದರು. ೫೬೧ರಲ್ಲಿ ಕೂಲ್ ಡ್ರೆವ್ನ ಎಂಬ ಸ್ಥಳದಲ್ಲಿ ಯುದ್ಧವಾಗಿ, ಡೈರ್ಮಿಡ್ ಸೋತನು. ಮೂರು ಸಾವಿರ ಜನ ಮಡಿದರೆಂದು ಕಥೆ ಹೇಳುತ್ತದೆ. ಅಷ್ಟು ಪ್ರಾಣಗಳಿಗೆ ಪ್ರಾಯಶ್ಚಿತ್ತವಾಗಿ ಕೊಲಂಬನು ಸ್ವದೇಶವನ್ನೇ ತೊರೆದು ಹೊರಟನೆಂಬುದು ಅದರ ಮುಕ್ತಾಯ.

ಈ ಕಥೆಯು ಎಷ್ಟೇ ಮನೋಹರವಾಗಿದ್ದರೂ ಇತಿಹಾಸಜ್ಞರು ಇದನ್ನು ಹಾಗೆಯೇ ಒಪ್ಪುವುದಿಲ್ಲ. ಯುದ್ಧವು ನಡೆದುದು ನಿಜ. ಐರಿಷ್ ವಾರ್ಷಿಕ ಚರಿತ್ರೆಗಳು ಅದನ್ನು ಹೇಳುತ್ತವೆ. ಯುದ್ಧವಾದ ಎರಡನೆಯ ವರ್ಷದಲ್ಲಿ, ತನ್ನ ೪೨ನೆಯ ವಯಸ್ಸಿನಲ್ಲಿ, ಕೊಲಂಬನು ಸಮುದ್ರವನ್ನು ದಾಟಿದುದೂ ನಿಜ. ಒಂದು ಧರ್ಮಸಭೆಯು ಅವನನ್ನು ಬಹಿಷ್ಕರಿಸಿತ್ತೆಂದೂ, ಅದಕ್ಕೆ ಕಾರಣಗಳು ಅಲ್ಪವಾದುವೆಂದೂ ಅವನ ಚರಿತ್ರಕಾರನು ಹೇಳುತ್ತಾನೆ. ಆದರೆ ಪುಸ್ತಕದ ವ್ಯಾಜ್ಯದ ಮಾತನ್ನು ಅವನು ಎಲ್ಲಿಯೂ ಎತ್ತುವುದಿಲ್ಲ. ಆ ಕಥೆಯು ವಿಸ್ತಾರವಾಗಿ ದೊರೆಯುವುದು ಮಾನಸ್ ಓಡೊನೆಲ್ ಎಂಬ ಸಾಮಂತನು ೧೫೩೨ರಲ್ಲಿ ಸಿದ್ಧಪಡಿಸಿದ ಐರಿಷ್ ಭಾಷೆಯ ಚರಿತ್ರೆಯಲ್ಲಿ, ಎಂದರೆ ಯುದ್ಧ ನಡೆದು ಸುಮಾರು ಒಂದು ಸಾವಿರ ವರ್ಷಗಳಾದಮೇಲೆ! ರಾಜವಂಶಗಳೊಳಗಿನ ಅಧಿಕಾರಸ್ಪರ್ಧೆಯೂ, ಕೊಲಂಬನ ಆಶ್ರಯದಲ್ಲಿದ್ದ ರಾಜಕುಮಾರನೊಬ್ಬನನ್ನು ಡೈರ್ಮಿಡ್ ಕೊಲ್ಲಿಸಿದನೆಂಬ ಅಪಮಾನವೂ ಯುದ್ಧಕ್ಕೆ ಹೆಚ್ಚು ಸಂಭಾವ್ಯವಾದ ಕಾರಣಗಳಾಗಿ ತೋರುತ್ತವೆ. ಹಾಗಾದರೆ ಕಥೆಯು ವ್ಯರ್ಥವೇ? ಅಲ್ಲವೆಂದು ನಮ್ಮ ಅಭಿಪ್ರಾಯ. ತಮ್ಮ ಅತ್ಯಂತ ಪ್ರಿಯನಾದ ಸಂತನು ಯಾವ ಕಾರಣಕ್ಕಾಗಿ ಯುದ್ಧಮಾಡಿಸಿರಬಹುದೆಂದು ಜನರು ಯೋಚಿಸಿದಾಗ ಅವರಿಗೆ ಹೊಳೆದದ್ದು ರಾಜ್ಯವಲ್ಲ, ಹೊನ್ನಲ್ಲ, ಒಂದು ಪುಸ್ತಕದ ಪ್ರತಿ. ಆ ಜನರಲ್ಲಿ ಪುಸ್ತಕಕ್ಕೆ ಇದ್ದ ಬೆಲೆಯನ್ನು ತಿಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವು ಬೇಕಾಗಿಲ್ಲ.

ಇನ್ನು ಕಥೆಯನ್ನು ಬಿಟ್ಟು ಚರಿತ್ರೆಗೆ ಬರೋಣ. ೫೬೩ರಲ್ಲಿ ಕೊಲಂಬನು ಹನ್ನೆರಡು ಮಂದಿ ಸಂಗಡಿಗರೊಡನೆ ಹೊರಟು, ಸ್ಕಾಟ್ಲೆಂಡಿನ ಪಶ್ಚಿಮದ ಕಡಲಿನಲ್ಲಿರುವ ಅಯೋನಾ ದ್ವೀಪದಲ್ಲಿ ಮಠವನ್ನು ಸ್ಥಾಪಿಸಿದನು. ಉದ್ದ ಸುಮಾರು ಮೂರು ಮೈಲಿ, ಅಗಲ ಒಂದೂವರೆ ಮೈಲಿ. ಅಷ್ಟೇ ಆ ದ್ವೀಪದ ವಿಸ್ತಾರ. ಮುಂದೆ ೩೪ ವರ್ಷಗಳ ಕಾಲ ಅದೇ ಅವನ ಮನೆಯಾಯಿತು. ಅವನು ತೀರಿಹೋಗಿ ಸುಮಾರು ಒಂದು ಶತಮಾನವಾದಮೇಲೆ ಅಲ್ಲಿಯ ಒಂಬತ್ತನೆಯ ಮಠಾಧಿಪತಿಯಾದ ಅಡಮ್ನಾನನು ಲ್ಯಾಟಿನ್ ಭಾಷೆಯಲ್ಲಿ ಅವನ ಚರಿತ್ರೆಯನ್ನು ಬರೆದನು. ನಾವು ಮೇಲೆ ಹೇಳಿದ ಚರಿತ್ರಕಾರನು ಈತನೇ. ಪ್ರಾರ್ಥನೆ, ಓದು, ಬರಹ, ಅಥವಾ ಬೇರೇನಾದರೂ ಕೆಲಸ, ಇವುಗಳಲ್ಲಿ ಒಂದೂ ಇಲ್ಲದೆ ಕೊಲಂಬನು ಒಂದು ಗಳಿಗೆಯನ್ನೂ ಕಳೆಯುತ್ತಿರಲಿಲ್ಲವೆಂದು ಅವನು ಹೇಳುತ್ತಾನೆ. ಇಲ್ಲಿ ಬರಹವನ್ನು ಪ್ರಾರ್ಥನೆಯ ಪಂಕ್ತಿಯಲ್ಲಿಯೇ ಕೂಡಿಸಿರುವುದನ್ನು ಗಮನಿಸಬೇಕು.

ಬರಹವೆಂದರೆ ಆ ಕಾಲದಲ್ಲಿ ಎಷ್ಟು ದೇಹಶ್ರಮದ ಕೆಲಸವಾಗಿತ್ತೆಂಬುದನ್ನು ನಾವು ಮರೆಯಲಾಗದು. ಕಾಗದವು ಪಶ್ಚಿಮ ಐರೋಪ್ಯರಿಗೆ ಇನ್ನೂ ತಿಳಿದಿರಲಿಲ್ಲ. ಕರುವಿನ ತೊಗಲನ್ನು ಸುಣ್ಣದ ನೀರಿನಲ್ಲಿ ಹಲವು ದಿನ ನೆನೆಯಿಸಿ, ಕೂದಲನ್ನು ಹೆರೆದು, ಚೌಕಟ್ಟಿಗೆ ಬಿಗಿದು ಒಣಗಿಸಿ, ಮತ್ತೆ ಮತ್ತೆ ಕೆರೆದು ನಯಮಾಡಬೇಕಾಗಿತ್ತು. ಅದನ್ನು ಮಡಿಸಿ ಕತ್ತರಿಸಿ, ಅಂಚಿನಲ್ಲಿ ಸಣ್ಣ ರಂಧ್ರಗಳನ್ನು ಚುಚ್ಚಿ, ಮೊನೆಯಾದ ಕಡ್ಡಿಯಿಂದ ಗೆರೆಗಳನ್ನು ಕೊರೆದರೆ ಹಾಳೆಯು ಸಿದ್ಧವಾಗುತ್ತಿತ್ತು. ಲೆಕ್ಕಣಿಕೆಯು ಬಾತು ಅಥವಾ ಹಂಸದ ಗರಿ. ಮಸಿಯನ್ನು ಮಾಚಿಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನೂ ಗೋಂದನ್ನೂ ಬೆರೆಸಿ ತಯಾರಿಸುತ್ತಿದ್ದರು. ಅದನ್ನು ದನದ ಕೊಂಬಿನಲ್ಲಿ ತುಂಬಿಡುತ್ತಿದ್ದರು. ಒಂದು ತೊಗಲಿನಿಂದ ದೊಡ್ಡ ಅಳತೆಯ ಹಾಳೆಗಳು ಕೆಲವೇ ದೊರೆಯುತ್ತಿದ್ದುದರಿಂದ ಒಂದು ಮಹಾಗ್ರಂಥವೆಂದರೆ ನೂರಕ್ಕೂ ಮೇಲ್ಪಟ್ಟ ಕರುಗಳ ಲೆಕ್ಕವಾಗುತ್ತಿತ್ತು. ಹೀಗಿರಲಾಗಿ, ಕಲಿಯುವ ಹುಡುಗರ ಕೈಗೆ ತೊಗಲನ್ನು ಕೊಡುವುದುಂಟೆ? ಅವರು ಜೇನುಮೇಣವನ್ನು ಬಳಿದ ಮರದ ಹಲಗೆಗಳ ಮೇಲೆ ಕಡ್ಡಿಯಿಂದ ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದರು. ಅಂಥ ಆರು ಹಲಗೆಗಳು ಐರ್ಲೆಂಡಿನ ಆಂಟ್ರಿಮ್ ಸೀಮೆಯ ಸ್ಪ್ರಿಂಗ್‌ಮೌಂಟ್ ಎಂಬಲ್ಲಿ ಜೌಗುನೆಲದೊಳಗೆ ಸಿಕ್ಕಿವೆ. ಅವು ಸುಮಾರು ಕ್ರಿ. ಶ. ೬೦೦ರ ಕಾಲದವು; ಅವುಗಳ ಮೇಣದ ಮೇಲೆ ೩೦, ೩೧, ೩೨ನೆಯ ಕೀರ್ತನೆಗಳ ಭಾಗಗಳು ಇಂದಿಗೂ ಕಾಣುತ್ತವೆ.

ಅಡಮ್ನಾನನು ಹೇಳುವ ಚಿಕ್ಕ ಚಿಕ್ಕ ಪ್ರಸಂಗಗಳು ಈ ಲೇಖನಶಾಲೆಯನ್ನು ನಮ್ಮ ಕಣ್ಣಮುಂದೆ ತರುತ್ತವೆ. ಒಮ್ಮೆ ಬೈಥೀನನೆಂಬ ಶಿಷ್ಯನು ತಾನು ಬರೆದು ಮುಗಿಸಿದ್ದ ಕೀರ್ತನೆಗಳ ಪುಸ್ತಕವನ್ನು ಮೂಲದೊಡನೆ ಹೋಲಿಸಿ ತಿದ್ದುವುದಕ್ಕೆ ಯಾರನ್ನಾದರೂ ಕೊಡಬೇಕೆಂದು ಕೇಳಿದನು. ಅಷ್ಟು ತೊಂದರೆ ಏತಕ್ಕೆ, ಅದರಲ್ಲಿ ಒಂದು ‘ಐ’ ಅಕ್ಷರವು ಬಿಟ್ಟುಹೋಗಿರುವುದರ ಹೊರತು ಬೇರೆ ತಪ್ಪೇನೂ ಇಲ್ಲವಲ್ಲ, ಎಂದನಂತೆ ಕೊಲಂಬನು. ಓದಿನೋಡಿದಾಗ ಹಾಗೆಯೇ ಇದ್ದಿತು. ಇನ್ನೊಮ್ಮೆ ಜಲಸಂಧಿಯ ಆಚೆಯ ದಡದಲ್ಲಿ ಯಾರೋ ಕೂಗಿದ ಶಬ್ದವು ಕೇಳಿಸಿತು. ಈ ದಿನ ಬರುವ ಈ ಅತಿಥಿಯು ನನ್ನ ಮಸಿಯನ್ನು ಚೆಲ್ಲುತ್ತಾನೆ ಎಂದನು ಕೊಲಂಬ. ಅತಿಥಿಯು ಬಂದು, ಗುರುವನ್ನು ಆಲಿಂಗಿಸುವ ಆತುರದಲ್ಲಿ, ಬಟ್ಟೆಯ ಅಂಚಿನಿಂದ ಮಸಿಯ ಕೊಂಬನ್ನು ಉರುಳಿಸಿಯೇ ಬಿಟ್ಟನು. ಅಡಮ್ನಾನನು ಇವುಗಳನ್ನು ಪವಾಡಗಳೆಂದು ಬರೆದಿದ್ದಾನೆ. ಪವಾಡವನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ಕಡಲಿನ ನಡುವಣ ಆ ಗುಡಿಸಲಿನಲ್ಲಿ ಒಂದು ಅಕ್ಷರದ ಲೋಪವೂ ಒಂದು ಕೊಂಬಿನ ಮಸಿಯೂ ನೆನಪಿಡಬೇಕಾದ ಸಂಗತಿಗಳಾಗಿದ್ದುವೆಂಬುದಂತೂ ನಿಶ್ಚಯ.

ಈ ನಿಷ್ಠೆಯು ಗುರುವಿನೊಡನೆ ಮುಗಿಯಲಿಲ್ಲ. ಅಡಮ್ನಾನನು ತನ್ನ ಗ್ರಂಥದ ಕೊನೆಯಲ್ಲಿ ಮುಂದಿನ ಲಿಪಿಕಾರರಿಗೆ ಆಣೆಯಿಟ್ಟು ಒಂದು ವಿಜ್ಞಾಪನೆಯನ್ನು ಮಾಡಿದ್ದಾನೆ. ಇದನ್ನು ಪ್ರತಿಮಾಡುವವರು ಎಚ್ಚರಿಕೆಯಿಂದ ಬರೆದು, ಬರೆದಾದಮೇಲೆ ಮೂಲದೊಡನೆ ಹೋಲಿಸಿ ತಿದ್ದಿ, ಈ ವಿಜ್ಞಾಪನೆಯನ್ನೂ ಇದೇ ಸ್ಥಳದಲ್ಲಿ ಸೇರಿಸಬೇಕೆಂಬುದು ಅದರ ತಾತ್ಪರ್ಯ. ಆ ಮಾತು ವ್ಯರ್ಥವಾಗಲಿಲ್ಲ. ಅಯೋನಾ ಮಠದ ಡೊರ್ಬೀನನು ಬರೆದ ಪ್ರತಿಯೊಂದು ಇಂದಿಗೂ ಸ್ವಿಟ್ಜರ್ಲೆಂಡಿನ ಷಾಫ್‌ಹೌಸನ್ ನಗರದಲ್ಲಿದೆ. ಡೊರ್ಬೀನನು ತೀರಿಕೊಂಡದ್ದು ೭೧೩ರಲ್ಲಿ, ಅಡಮ್ನಾನನು ತೀರಿಕೊಂಡದ್ದು ೭೦೪ರಲ್ಲಿ. ಎಂದರೆ ಗ್ರಂಥಕರ್ತನನ್ನು ಕಣ್ಣಾರೆ ಕಂಡಿರಬಹುದಾದವನ ಕೈಬರಹವೇ ನಮಗೆ ಉಳಿದುಬಂದಿದೆ.

ಐರಿಷ್ ಲಿಪಿಕಾರರು ಕೇವಲ ಪ್ರತಿಮಾಡುವವರಾಗಿ ನಿಲ್ಲಲಿಲ್ಲ. ಓದುವ ವಿಧಾನಕ್ಕೇ ಒಂದು ದೊಡ್ಡ ಉಪಕಾರವನ್ನು ಮಾಡಿದರು. ಪ್ರಾಚೀನ ರೋಮನರು ಪದಗಳ ನಡುವೆ ಸ್ಥಳಬಿಡದೆ ಒಂದೇ ಸರಪಳಿಯಂತೆ ಬರೆಯುತ್ತಿದ್ದರು. ಲ್ಯಾಟಿನ್ ಮಾತೃಭಾಷೆಯಾಗಿದ್ದವರಿಗೆ ಅದರಿಂದ ತೊಡಕಿರಲಿಲ್ಲ. ಗಟ್ಟಿಯಾಗಿ ಓದುತ್ತ ಹೋದರೆ ಪದಗಳು ತಾವೇ ಬಿಡಿಬಿಡಿಯಾಗಿ ಕೇಳಿಸುತ್ತಿದ್ದುವು. ಆದರೆ ಐರಿಷರಿಗೆ ಅದು ವ್ಯಾಕರಣವನ್ನು ಹಿಡಿದು ಪುಸ್ತಕದಿಂದಲೇ ಕಲಿತ ಪರಭಾಷೆ. ಪದವು ಎಲ್ಲಿ ಮುಗಿಯಿತೆಂಬುದನ್ನು ಕಿವಿಯಿಂದ ತಿಳಿಯಲಾರದೆ, ಕಣ್ಣಿಗೆ ಕಾಣುವಂತೆ ಅವರು ಪದಪದಕ್ಕೂ ನಡುವೆ ತೆರಪುಬಿಟ್ಟು ಬರೆಯುವುದನ್ನು ರೂಢಿಸಿದರು, ವಿರಾಮಚಿಹ್ನೆಗಳನ್ನೂ ಹೆಚ್ಚಿಸಿದರು. ಈ ಪದ್ಧತಿಯು ಕ್ರಮವಾಗಿ ಐರೋಪ್ಯ ಖಂಡವನ್ನೆಲ್ಲ ವ್ಯಾಪಿಸಿತು. ಅನ್ಯರ ಭಾಷೆಯನ್ನು ಕಷ್ಟಪಟ್ಟು ಕಲಿತವರೇ ಆ ಭಾಷೆಯ ಬರಹವನ್ನು ಎಲ್ಲರಿಗೂ ಸುಲಭಗೊಳಿಸಿದರೆಂಬುದು ನಾವು ಮನಸ್ಸಿನಲ್ಲಿಡತಕ್ಕ ವಿಷಯ.

ಕೊಲಂಬನ ಕೊನೆಯ ದಿನದ ವೃತ್ತಾಂತವೇ ಅಡಮ್ನಾನನ ಗ್ರಂಥದ ಅತ್ಯಂತ ಸುಂದರವಾದ ಭಾಗ. ಅದು ೫೯೭ನೆಯ ಇಸವಿ ಜೂನ್ ತಿಂಗಳು. ವೃದ್ಧನಾದ ಯತಿಯು ಶನಿವಾರದ ದಿನ ಮಠದ ಕಣಜವನ್ನು ನೋಡಿ, ತನ್ನ ಜನಕ್ಕೆ ವರ್ಷಕ್ಕಾಗುವಷ್ಟು ಧಾನ್ಯವಿದೆಯೆಂದು ಸಂತೋಷಪಟ್ಟನು. ಹಿಂದಿರುಗುವಾಗ ದಾರಿಯಲ್ಲಿ ದಣಿವಾಗಿ ಕುಳಿತನು. ಹಾಲಿನ ಪಾತ್ರೆಗಳನ್ನು ಹೊರುತ್ತಿದ್ದ ಮಠದ ಬಿಳಿಯ ಕುದುರೆಯು ಬಂದು ಅವನ ಎದೆಯ ಮೇಲೆ ತಲೆಯಿಟ್ಟು ಕಣ್ಣೀರು ಸುರಿಸಿತಂತೆ. ಅನಂತರ ಅವನು ತನ್ನ ಗುಡಿಸಲಿಗೆ ಹೋಗಿ, ಎಂದಿನಂತೆ, ಕೀರ್ತನೆಗಳನ್ನು ಪ್ರತಿಮಾಡುವುದಕ್ಕೆ ಕುಳಿತನು. ದೇವರನ್ನು ಅರಸುವವರಿಗೆ ಯಾವ ಒಳಿತಿಗೂ ಕೊರತೆಯಾಗದೆಂಬ ಅರ್ಥವುಳ್ಳ ವಾಕ್ಯದವರೆಗೆ ಬರೆದಾಗ ಹಾಳೆಯು ಮುಗಿಯಿತು. ಇಲ್ಲಿಗೆ ತಾನು ನಿಲ್ಲಿಸಬೇಕೆಂದೂ ಮುಂದಿನದನ್ನು ಬೈಥೀನನು ಬರೆಯಲೆಂದೂ ಹೇಳಿ ಲೆಕ್ಕಣಿಕೆಯನ್ನು ಕೆಳಗಿಟ್ಟನು. ಆ ರಾತ್ರಿಯೇ ದೇವಾಲಯದಲ್ಲಿ ಪೀಠದ ಮುಂದೆ ಅವನು ದೇಹವನ್ನು ಬಿಟ್ಟನು. ಬೈಥೀನನೇ ಮುಂದಿನ ಮಠಾಧಿಪತಿಯಾದನು. ಗುರುವು ಶಿಷ್ಯನಿಗೆ ಅಧಿಕಾರವನ್ನು ವಹಿಸಿಕೊಟ್ಟುದಕ್ಕೆ ಕಿರೀಟವಿಲ್ಲ, ಮುದ್ರೆಯಿಲ್ಲ. ಅರ್ಧದಲ್ಲಿ ನಿಂತ ಒಂದು ಪುಸ್ತಕವೇ ಗುರುತು.

ಆ ಅರ್ಧದಲ್ಲಿ ನಿಂತ ಕೆಲಸವನ್ನು ಶಿಷ್ಯಪರಂಪರೆಯು ಮುಂದುವರಿಸಿತು. ೬೩೫ರಲ್ಲಿ ಅಯೋನಾದಿಂದ ಹೋದ ಐಡನನು ಇಂಗ್ಲೆಂಡಿನ ಈಶಾನ್ಯ ತೀರದಲ್ಲಿ ಲಿಂಡಿಸ್‌ಫಾರ್ನ್ ಮಠವನ್ನು ಸ್ಥಾಪಿಸಿದನು. ಕೊಲಂಬನೊಡನೆ ಹೆಸರಿನಲ್ಲಿ ಹೋಲಿಕೆಯುಳ್ಳ, ಆದರೆ ಬೇರೆಯವನೇ ಆದ, ಕೊಲಂಬಾನಸ್ ಎಂಬ ಮತ್ತೊಬ್ಬ ಐರಿಷ್ ಯತಿಯು ಫ್ರಾನ್ಸನ್ನು ಹಾದು ಇಟಲಿಗೆ ಹೋಗಿ ಸುಮಾರು ೬೧೪ರಲ್ಲಿ ಬೊಬ್ಬಿಯೋ ಮಠವನ್ನು ಕಟ್ಟಿದನು. ಅದರ ಪುಸ್ತಕಭಾಂಡಾರವು ಮುಂದೆ ಪ್ರಸಿದ್ಧವಾಯಿತು. ಸ್ವಿಟ್ಜರ್ಲೆಂಡಿನ ಸಂತ ಗಾಲನ ಮಠದಲ್ಲಿ ಸುಮಾರು ೮೫೦ರಲ್ಲಿ ಐರಿಷರು ಬರೆದ ಒಂದು ಲ್ಯಾಟಿನ್ ವ್ಯಾಕರಣಗ್ರಂಥವಿದೆ. ಅದರ ಅಂಚುಗಳಲ್ಲಿ ಲಿಪಿಕಾರರು ತಮ್ಮ ತಾಯ್ನುಡಿಯಲ್ಲಿ ಮಾಡಿಕೊಂಡ ಟಿಪ್ಪಣಿಗಳು ನಗುವನ್ನು ತರುತ್ತವೆ. ಒಬ್ಬನಿಗೆ ಮಸಿ ಚೆನ್ನಾಗಿಲ್ಲ. ಒಬ್ಬನಿಗೆ ಬೆಳಕು ಸಾಲದು. ಒಬ್ಬನಿಗೆ ಹಿಂದಿನ ದಿನ ಕುಡಿದ ಮದ್ಯದ ತಲೆಭಾರ ಇಳಿದಿಲ್ಲ. ಇನ್ನೊಬ್ಬನು ರಾತ್ರಿ ಕಡಲಿನಲ್ಲಿ ಬಿರುಗಾಳಿಯೆದ್ದುದನ್ನು ಕಂಡು, ಇಂದು ದರೋಡೆಯ ಹಡಗುಗಳು ಬರಲಾರವೆಂದು ಸಮಾಧಾನಪಟ್ಟಿದ್ದಾನೆ. ತಪಸ್ವಿಗಳೂ ಮನುಷ್ಯರೇ ಎಂಬುದಕ್ಕೆ ಈ ಅಂಚುಗಳು ಸಾಕ್ಷಿ.

ಆ ದರೋಡೆಯ ಹೆದರಿಕೆಯು ಹುಸಿಯಲ್ಲ. ಉತ್ತರದ ವೈಕಿಂಗ್ ದಂಡುಗಳು ೭೯೫ರಲ್ಲಿ ಅಯೋನಾವನ್ನು ಕೊಳ್ಳೆಹೊಡೆದುವು, ೮೦೨ರಲ್ಲಿ ಸುಟ್ಟುವು, ೮೦೬ರಲ್ಲಿ ೬೮ ಮಂದಿ ಮಠವಾಸಿಗಳನ್ನು ಕೊಂದುವು. ಉಳಿದವರಲ್ಲಿ ಹಲವರು ಐರ್ಲೆಂಡಿಗೆ ಮರಳಿ ಕೆಲ್ಸ್ ಎಂಬಲ್ಲಿ ಹೊಸ ಮಠವನ್ನು ಕಟ್ಟಿಕೊಂಡರು. ಈ ಸಂಕಟದ ಕಾಲದಲ್ಲಿಯೇ, ಸುಮಾರು ೮೦೦ರಲ್ಲಿ, ‘ಕೆಲ್ಸ್ ಪುಸ್ತಕ’ವೆಂದು ಜಗತ್ಪ್ರಸಿದ್ಧವಾದ ಸಚಿತ್ರ ಸುವಾರ್ತಾಗ್ರಂಥವು ಸಿದ್ಧವಾಯಿತು. ೩೪೦ ಹಾಳೆಗಳು ಉಳಿದಿರುವ ಈ ಗ್ರಂಥದಲ್ಲಿ ಒಂದೊಂದು ಅಕ್ಷರವೂ ಬಳ್ಳಿಯಾಗಿ, ಹಕ್ಕಿಯಾಗಿ, ಹಾವಾಗಿ ಹೆಣೆದುಕೊಳ್ಳುತ್ತದೆ. ೧೦೦೭ರಲ್ಲಿ ಇದನ್ನು ಕಳ್ಳರು ಕದ್ದೊಯ್ದರು. ಎರಡು ತಿಂಗಳಿಗೂ ಹೆಚ್ಚಾದಮೇಲೆ, ಚಿನ್ನದ ಹೊದಿಕೆಯನ್ನು ಕಿತ್ತುಕೊಂಡು ಹುಲ್ಲುಹೆಂಟೆಗಳಡಿಯಲ್ಲಿ ಮುಚ್ಚಿಹೋಗಿದ್ದ ಪುಸ್ತಕವು ಸಿಕ್ಕಿತು. ಕಳ್ಳರಿಗೆ ಬೇಕಾಗಿದ್ದುದು ಹೊದಿಕೆ, ನಮಗೆ ಉಳಿದುದು ಅಕ್ಷರ. ಇದರ ಹಿರಿಯ ಬಂಧುವಾದ ‘ಡರ್ರೋ ಪುಸ್ತಕ’ದ ಕೊನೆಯಲ್ಲಿ, ಇದನ್ನು ಹನ್ನೆರಡು ದಿನಗಳಲ್ಲಿ ಬರೆದ ಕೊಲಂಬನಿಗಾಗಿ ಪ್ರಾರ್ಥಿಸಬೇಕೆಂಬ ಅರ್ಥದ ಬರಹವಿದೆ. ಆದರೆ ಅದರ ಲಿಪಿಯು ಕೊಲಂಬನಿಗಿಂತ ಸುಮಾರು ಒಂದು ಶತಮಾನ ಈಚಿನದು. ಹಳೆಯ ಮೂಲದಲ್ಲಿದ್ದ ಆ ಕೋರಿಕೆಯನ್ನು ಲಿಪಿಕಾರನು ಅಕ್ಷರವೂ ಬಿಡದೆ ಪ್ರತಿಮಾಡಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ತನ್ನ ಹೆಸರನ್ನು ಬರೆದುಕೊಳ್ಳಬಹುದಾಗಿದ್ದ ಸ್ಥಳದಲ್ಲಿಯೂ ಅವನು ಪೂರ್ವಿಕನ ಹೆಸರನ್ನೇ ಉಳಿಸಿದನು! ಇವೆರಡು ಗ್ರಂಥಗಳೂ ಈಗ ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನಲ್ಲಿವೆ.

ಕೊನೆಯದಾಗಿ, ವ್ಯಾಜ್ಯಕ್ಕೆ ಕಾರಣವಾಯಿತೆಂದು ಹೇಳುವ ಆ ಪ್ರತಿಯೇನಾಯಿತು? ಅದೇ ಇದೆಂದು ಪರಂಪರೆಯಿಂದ ನಂಬಲಾದ ಕೀರ್ತನೆಗಳ ಪುಸ್ತಕವೊಂದು ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯಲ್ಲಿದೆ. ಅದಕ್ಕೆ ‘ಕಾಥಕ್’, ಎಂದರೆ ಯೋಧ, ಎಂದು ಹೆಸರು. ಹನ್ನೊಂದನೆಯ ಶತಮಾನದ ಕೊನೆಯ ಭಾಗದಲ್ಲಿ ಓಡೊನೆಲ್ ವಂಶದವರು ಅದಕ್ಕೆ ಬೆಳ್ಳಿಯ ಸಂಪುಟವನ್ನು ಮಾಡಿಸಿ, ಯುದ್ಧಕ್ಕೆ ಮುಂಚೆ ಸೈನ್ಯದ ಸುತ್ತ ಮೂರು ಸಲ ಪ್ರದಕ್ಷಿಣೆ ತರುತ್ತಿದ್ದರು. ಶತಮಾನಗಳ ಕಾಲ ಮುಚ್ಚಿದ್ದ ಆ ಸಂಪುಟವನ್ನು ೧೮೧೩ರಲ್ಲಿ ತೆರೆದಾಗ, ತೇವದಿಂದ ಅಂಟಿಕೊಂಡಿದ್ದ ತೊಗಲಿನ ಮುದ್ದೆ ಕಂಡಿತು. ಬಿಡಿಸಿದಾಗ ೫೮ ಹಾಳೆಗಳು ಉಳಿದಿದ್ದುವು. ಅದು ಆರನೆಯ ಶತಮಾನದ ಕೊನೆಯ ಅಥವಾ ಏಳನೆಯದರ ಆರಂಭದ ಬರಹ. ಕೊಲಂಬನ ಕೈಯದೇ ಎಂದು ಸಾಧಿಸುವುದು ಸಾಧ್ಯವಿಲ್ಲ. ಆದರೂ ಐರ್ಲೆಂಡಿನಲ್ಲಿ ಉಳಿದಿರುವ ಅತ್ಯಂತ ಪ್ರಾಚೀನ ಗ್ರಂಥಗಳಲ್ಲಿ ಅದೊಂದೆಂಬುದರಲ್ಲಿ ಸಂಶಯವಿಲ್ಲ. ಓದುವುದಕ್ಕಾಗಿ ಬರೆದ ಪುಸ್ತಕವು ಪೂಜಾವಸ್ತುವಾಗಿ ಮುಚ್ಚಿಹೋದಾಗ ಕೊಳೆಯತೊಡಗಿತೆಂಬುದನ್ನೂ, ತೆರೆದಮೇಲೆಯೇ ಮತ್ತೆ ಪುಸ್ತಕವಾಯಿತೆಂಬುದನ್ನೂ ನಾವು ಇಲ್ಲಿ ಕಾಣುತ್ತೇವೆ.

ಈ ಯತಿಗಳು ಇಡೀ ಐರೋಪ್ಯ ವಿದ್ಯೆಯನ್ನು ತಾವೊಬ್ಬರೇ ಉಳಿಸಿದರೆಂದು ಹೊಗಳುವುದು ಅತಿಶಯೋಕ್ತಿಯಾದೀತು. ಇಟಲಿ, ಫ್ರಾನ್ಸ್, ಗ್ರೀಕ್ ಚಕ್ರಾಧಿಪತ್ಯ, ಅರಬ್ಬರ ನಗರಗಳು, ಇವೆಲ್ಲವೂ ಆ ಭಾರದಲ್ಲಿ ಹೆಗಲುಕೊಟ್ಟವು. ಐರಿಷರು ಮುಖ್ಯವಾಗಿ ಪ್ರತಿಮಾಡಿದುದು ಧರ್ಮಗ್ರಂಥಗಳನ್ನೂ ವ್ಯಾಕರಣಗಳನ್ನೂ. ಆದರೆ ಅವರಿಂದ ಕಲಿಯತಕ್ಕ ಪಾಠವು ಸಣ್ಣದಲ್ಲ. ಒಂದೇ ಪ್ರತಿಯಿರುವ ಗ್ರಂಥದ ಆಯುಷ್ಯವು ಒಂದು ಕಿಡಿಯ, ಒಂದು ಮಳೆಯ, ಒಬ್ಬ ಕಳ್ಳನ ಕೈಯಲ್ಲಿದೆ. ಫಿನ್ನಿಯನನ ಮೂಲಗ್ರಂಥವು ಎಲ್ಲಿಯೂ ಉಳಿದಿಲ್ಲ. ಡೈರ್ಮಿಡ್ ರಾಜನ ತೀರ್ಪು ನ್ಯಾಯವಾಗಿದ್ದಿರಬಹುದು. ಒಡೆತನವೆಂಬುದು ಒಂದು ನ್ಯಾಯವೇ ಸರಿ. ಆದರೆ ಹಸುವು ಎಷ್ಟೇ ಉತ್ತಮವಾಗಿರಲಿ, ಹಿಂಡು ಬೆಳೆಯುವುದು ಕರುವಿನಿಂದ. ತಮಗೆ ತಿಳಿಯದ ಮುಂದಿನ ಓದುಗರಿಗಾಗಿ, ಮರುದಿನ ಬೇರೊಬ್ಬನು ಮುಂದುವರಿಸುವನೆಂಬ ನಂಬಿಕೆಯಿಂದ, ಒಂದು ಅಕ್ಷರವೂ ತಪ್ಪದಂತೆ ಬರೆದಿಟ್ಟವರ ಶ್ರಮಕ್ಕೆ ಈ ಹೊತ್ತಿನ ಓದುಗರಾದ ನಾವೆಲ್ಲರೂ ಋಣಿಗಳು.